ನಡುಗೋಡೆ

ಸಿದ್ದಾಪುರದಲ್ಲಿ ಚಳಿ ಎಷ್ಟು ಎಂದು
ಡಿಗ್ರಿಯಲ್ಲಿ ಕೇಳಬೇಡಿ ನನ್ನನ್ನು.
ನಾನು ಮೀಟರ್ ಓದುವವ.
ಅರವತ್ತು ಯೂನಿಟ್ಟಿದ್ದ ಮನೆ
ಪುತ್ತರಿ ಕಳೆದ ಮೇಲೆ ನೂರಾ ಎಂಬತ್ತಾದರೆ
ಅಲ್ಲೊಂದು ಕೂಸು ಹುಟ್ಟಿದೆ, ಇಲ್ಲವೇ
ಯಾರದೋ ಮಂಡಿ ನೋಯುತ್ತಿದೆ,
ಇಲ್ಲವೇ ಮೈಸೂರಿನ ಅಳಿಯ ಬಂದು
ಗೀಸರಿನಡಿ ನಿಂತುಬಿಟ್ಟಿದ್ದಾನೆ.
ಬಿಲ್ಲು ಹರಿದು ಕೊಡುವಾಗ
ಯಾರೂ ನನ್ನ ಮುಖ ನೋಡುವುದಿಲ್ಲ,
ಮಂಜನ್ನು ನಾನೇ ಹೊತ್ತು ತಂದೆನೋ ಎಂಬ ಹಾಗೆ.

ಆ ಡಿಸೆಂಬರಿನಲ್ಲಿ ನನ್ನ ಮನೆಯ ಮೀಟರೂ
ಇನ್ನೂರ ಹದಿನಾಲ್ಕು ಎಂದಿತು.
ಭಾಗೀರಥಿ ಬಿಲ್ಲನ್ನು ಮಡಚಿ ಮಡಚಿ
ಬೆರಳಿನಷ್ಟು ಮಾಡಿ
ಕಿಟಕಿಯ ಸಂದಿಗೆ ತುರುಕಿದಳು.
"ಇದಕ್ಕಾದರೂ ಆಗಲಿ."

ಅಲ್ಲಿಂದ ಶುರು.
ರಾತ್ರಿ ದೀಪವಾರಿಸಿ ಊದುಬತ್ತಿ ಹಿಡಿದು
ಮನೆಯಿಡೀ ಸುತ್ತಿದೆವು, ದೇವರಿಗಲ್ಲ, ಗಾಳಿಗೆ.
ಹೊಗೆ ನೆಟ್ಟಗೆ ನಿಂತಲ್ಲಿ ಸರಿ,
ಬಾಗಿದಲ್ಲಿ ಬಿರುಕು.
ಬಾಗಿಲ ಬುಡದಲ್ಲಿ ಅಡ್ಡಬಿತ್ತು,
ಸ್ವಿಚ್ಚಿನ ಡಬ್ಬಿಯ ಮುಂದೆ ತಲೆಯಲ್ಲಾಡಿಸಿತು,
ಹೆಂಚಿನ ಕೆಳಗಂತೂ
ಹೊಗೆ ಹೊಗೆಯಾಗಿ ಉಳಿಯಲೇ ಇಲ್ಲ.
ಮಗಳು ಲಿಖಿತಾ ಸೀಮೆಸುಣ್ಣದಲ್ಲಿ
ಗುರುತು ಹಾಕುತ್ತ ಬಂದಳು. ಒಟ್ಟು ಇಪ್ಪತ್ತೇಳು.
ಇಪ್ಪತ್ತೇಳು ಬಾಯಿಗಳಿಂದ ಉಣ್ಣುತ್ತಿತ್ತು ಚಳಿ
ನನ್ನ ಸಂಬಳವನ್ನು.

ಕ್ಯೂರಿಂಗ್ ವರ್ಕ್ಸಿನಿಂದ ಒಂದು ಮೂಟೆ ಕಾಫಿ ಹೊಟ್ಟು.
ಹಳೆಯ ಸೀರೆ ಹರಿದು, ಉದ್ದಕ್ಕೆ ಹೊಲಿದು,
ಹೊಟ್ಟು ತುಂಬಿ ಬಾಯಿ ಕಟ್ಟಿದರೆ
ಬಾಗಿಲಿಗೊಂದು ಕೇರೆಹಾವು.
ಬೆಕ್ಕು ಎರಡು ದಿನ ಅದಕ್ಕೆ ಬುಸುಗುಟ್ಟಿತು,
ಮೂರನೆಯ ದಿನ ಅದರ ಮೇಲೇ ಮಲಗಿತು.
ಹೆಂಚಿನಡಿಗೆ ಕಳೆದ ಚುನಾವಣೆಯ ಫ್ಲೆಕ್ಸು.
ಸೋತ ಅಭ್ಯರ್ಥಿ ಚಳಿಗಾಲವಿಡೀ
ನಮ್ಮ ಹಾಸಿಗೆಯ ಮೇಲೆ ಕೈಮುಗಿದು ನಗುತ್ತಿದ್ದ.
"ಗೆದ್ದಿದ್ದರೆ ಇಷ್ಟು ಕೆಲಸಕ್ಕೆ ಬರುತ್ತಿರಲಿಲ್ಲ"
ಅಂದಳು ಭಾಗೀರಥಿ.
ಹೀಟರು ಅಟ್ಟ ಸೇರಿತು.
ಜನವರಿಯ ಬಿಲ್ಲು: ಎಪ್ಪತ್ತೊಂದು.
ನಾನು ಮನೆಮನೆಯ ಜಗಲಿಯಲ್ಲಿ ನಿಂತು
ಬುದ್ಧಿ ಹೇಳತೊಡಗಿದೆ.

ಆಗಲೇ ಪಕ್ಕದ ಮನೆಯ ಕುಂಞಿಪಾತುಮ್ಮ
ಮಗಳ ಹೆರಿಗೆಗೆಂದು ಇರಿಟ್ಟಿಗೆ ಹೋದಳು.
ಮೂರನೇ ರಾತ್ರಿ ನಾವು ನಡುಗಿದೆವು.

ಮತ್ತೆ ಊದುಬತ್ತಿ, ಮತ್ತೆ ಇಪ್ಪತ್ತೇಳೂ ಗುರುತು.
ಎಲ್ಲೂ ಹೊಗೆ ಬಾಗಲಿಲ್ಲ.
ಹಾವು ಇದ್ದಲ್ಲೇ ಇತ್ತು,
ಅಭ್ಯರ್ಥಿ ನಗುತ್ತಲೇ ಇದ್ದ.

ಕಂಡುಹಿಡಿದವಳು ಲಿಖಿತಾ.
ದಿನಾ ಬೆನ್ನು ಕೊಟ್ಟು ಓದುವ ಗೋಡೆಗೆ
ಅಂಗೈ ಇಟ್ಟು ಅಂದಳು:
"ಅಪ್ಪಾ, ಇದು ಸತ್ತಿದೆ."

ಆ ಗೋಡೆಯ ಆಚೆ ಕುಂಞಿಪಾತುಮ್ಮನ ಒಲೆ.
ಬಸ್ ಸ್ಟ್ಯಾಂಡಿನ ಹೋಟೆಲಿಗೆ ಪುಟ್ಟು, ಪತ್ತಿರಿ.
ಬೆಳಗಿನ ಮೂರಕ್ಕೆ ಹಚ್ಚಿದರೆ ಎಂಟರವರೆಗೆ,
ಸಂಜೆ ಮತ್ತೆ.
ತೋಟದ ಕಸಿಯ ಕಡ್ಡಿ, ಸಿಲ್ವರ್ ಓಕಿನ ಚಕ್ಕೆ,
ಉರಿದದ್ದನ್ನೆಲ್ಲ ಮಣ್ಣಿಟ್ಟಿಗೆ ಕುಡಿದು ಕುಡಿದು
ಇರುಳಿಡೀ ಈಚೆಗೆ ಜಿನುಗಿಸುತ್ತಿತ್ತು.
ನಡುಗೋಡೆ ಎಂಬ ಮಾತಿನೊಳಗೇ
ನಡುಗು ಇದೆ ಎಂದು
ನಾನು ಗಮನಿಸಿದ್ದು ಆಗ.

ಆಕೆಯ ಮೀಟರು ಓದುವವನೂ ನಾನೇ.
ಹದಿನಾರು ಯೂನಿಟ್ಟು. ಹೆಚ್ಚೆಂದರೆ ಹದಿನೆಂಟು.
"ನಿಮ್ಮದೇನು ಬಿಡಿ" ಎಂದು
ಹಗುರಾಗಿ ಹರಿದು ಕೊಟ್ಟವನೂ ನಾನೇ.

ಮೊಮ್ಮಗನ ಸುದ್ದಿಯ ಜೊತೆ ವಾಪಸು ಬಂದಳು.
ಮರುದಿನ ಮೂರೂಕಾಲಿಗೆ ಎದ್ದು ಗೋಡೆ ಮುಟ್ಟಿದೆ. ಇಲ್ಲ.
ನಾಲ್ಕಕ್ಕೆ, ಇದೆಯೋ ಇಲ್ಲವೋ ಎಂಬ ಹಾಗೆ.
ಐದಕ್ಕೆ ಲಿಖಿತಾ
ನಿದ್ದೆಯಲ್ಲೇ ಆ ಬದಿಗೆ ಹೊರಳಿದಳು.

ಭಾನುವಾರ ಒಂದು ಹೊಸ ಹಾವು,
ಊದುಬತ್ತಿ, ಸೀಮೆಸುಣ್ಣ ಹಿಡಿದು
ಆಕೆಯ ಬಾಗಿಲಲ್ಲಿ ನಿಂತೆ.
ನಿಮ್ಮ ಸಂದಿಗಳನ್ನೂ ಮುಚ್ಚಿಕೊಡುತ್ತೇನೆ, ಎಂದೆ.
ಹಿಟ್ಟಿನ ಕೈ ಕೊಡವುತ್ತ ನಕ್ಕಳು:
"ಎಲ್ಲಾ ಮುಚ್ಚಿದ್ರೆ ಹೊಗೆ ಎಲ್ಲಿಗೆ ಹೋಗ್ಬೇಕು ಸಾರ್?"

ಹಾವನ್ನು ಮಾತ್ರ ಇಟ್ಟುಕೊಂಡಳು.
ಮೊಮ್ಮಗ ಬಂದಾಗ
ಚಾಪೆಯಿಂದ ಉರುಳದ ಹಾಗೆ
ಪಕ್ಕಕ್ಕೆ ಇಡಬಹುದಂತೆ.